ಕಣ್ಣಿಲ್ಲದವನ ಪಹಣಿ ಯಾರ ಕೈಯಲ್ಲಿ?



ಶಿವರಾತ್ರಿ ಹೊತ್ತಿಗೆ ನಮ್ಮ ಕ್ಯಾತ್ಸಂದ್ರದ ಮಗ್ಗುಲಲ್ಲೇ ಸಿದ್ಧಗಂಗೆಯ ದನಗಳ ಜಾತ್ರೆ ಸೇರುತ್ತದೆ. ಗುಬ್ಬಿ, ಕುಣಿಗಲ್ಲು, ಮಾಗಡಿ ಸೀಮೆಯಿಂದ ಎತ್ತು ಹೊಡಕೊಂಡು ಬಂದವರು ನಿಮ್ಮಲ್ಲೇ ಎಷ್ಟೋ ಜನ ಇದ್ದೀರಿ. ಅಲ್ಲಿ ವ್ಯಾಪಾರ ಹೇಗೆ ನಡೆಯುತ್ತದೆಂದು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಟವಲಿನ ಕೆಳಗೆ ಕೈ ಹೋಗುತ್ತದೆ, ಬೆರಳು ಹಿಡಿಯುತ್ತಾರೆ, ಬೆಲೆ ಕುದುರುತ್ತದೆ. ನನ್ನ ಅಣ್ಣನಿಗೆ ಎರಡು ಕಣ್ಣೂ ಕಾಣುವುದಿಲ್ಲ. ಐವತ್ತರ ಹತ್ತಿರ ಬಂದಾಗ ಗ್ಲಾಕೋಮ ಅನ್ನುವ ಕಾಯಿಲೆ ನೋಟವನ್ನು ಕಿತ್ತುಕೊಂಡಿತು. ಆದರೆ ಆ ಟವಲಿನ ಕೆಳಗೆ ಅವನಿಗೆ ಮೋಸ ಮಾಡಿದವನನ್ನು ನಾನು ಇನ್ನೂ ಕಂಡಿಲ್ಲ. ಎತ್ತಿನ ಬಾಯಿಗೆ ಕೈ ಹಾಕಿ ಹಲ್ಲು ಎಣಿಸುತ್ತಾನೆ, ಭುಜ ಸವರುತ್ತಾನೆ, ಗೊರಸು ಎತ್ತಿ ನೋಡುತ್ತಾನೆ. ಅಟ್ಟದ ಮೇಲಿನ ಕೊಬ್ಬರಿಯನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ, "ಇದಿನ್ನೂ ಹಸಿ ಐತೆ, ಇದು ಗಿಟುಕು ಆಗೈತೆ" ಎಂದು ಬೇರೆ ಬೇರೆ ಮಾಡುತ್ತಾನೆ. ಕಣ್ಣಿರುವ ನಾನು ಅಷ್ಟು ಸರಿಯಾಗಿ ಹೇಳಲಾರೆ.

ಇಂಥ ಮನುಷ್ಯ ಎಲ್ಲಿ ಸೋತ ಗೊತ್ತೇ? ಜಾತ್ರೆಯಲ್ಲಲ್ಲ, ಸಂತೆಯಲ್ಲಲ್ಲ. ಸರ್ಕಾರದ ವೆಬ್‌ಸೈಟಿನಲ್ಲಿ.

2024ರ ಕೊಬ್ಬರಿ ಹಂಗಾಮು ನಿಮಗೆ ನೆನಪಿರಬೇಕು. ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲಿಗೆ 12,000 ರೂಪಾಯಿ, ಅದರ ಮೇಲೆ ರಾಜ್ಯ ಸರ್ಕಾರ ಸೇರಿಸಿದ್ದು 1,500. ಒಟ್ಟು 13,500. ಮಾರುಕಟ್ಟೆಯಲ್ಲಿ ಅದಕ್ಕಿಂತ ಎಷ್ಟೋ ಕಡಮೆ. ಹಾಗಾಗಿ ನೋಂದಣಿ ಮಾಡಿಸಿದವನು ಗೆದ್ದ, ಮಾಡಿಸಲಾಗದವನು ಬಿದ್ದ. ಅಣ್ಣನ ಹತ್ತಿರ ಮಾತಾಡುವ ಮೊಬೈಲ್ ಇದೆ. ಪರದೆಯ ಮೇಲಿನ ಅಕ್ಷರವನ್ನು ಅದು ಓದಿ ಹೇಳುತ್ತದೆ. ತನ್ನ ಸರ್ವೆ ನಂಬರಿಗೆ ತೆಂಗು ಅಂತ ನಮೂದಾಗಿದೆಯೋ ಇಲ್ಲವೋ ತಾನೇ ನೋಡಿಕೊಳ್ಳೋಣ ಎಂದು ಕೂತ. ಮೊದಲನೇ ಬಾಗಿಲಲ್ಲೇ ಸೊಟ್ಟ ಸೊಟ್ಟ ಅಕ್ಷರದ ಒಂದು ಚಿತ್ರ. "ಇಲ್ಲಿ ಕಾಣುವುದನ್ನು ಟೈಪ್ ಮಾಡಿ" ಎನ್ನುತ್ತದೆ ಸರ್ಕಾರ. ಕಾಣದವನು ಏನು ಮಾಡಬೇಕು? ಮೂರು ದಿನ ಹೊಡೆದಾಡಿದ. ಆಮೇಲೆ ಪೇಟೆಯ ಒಂದು ಕಂಪ್ಯೂಟರ್ ಅಂಗಡಿಗೆ ಹೋದ. ಅಲ್ಲಿಯ ಹುಡುಗ ಐವತ್ತು ರೂಪಾಯಿ ಇಸಕೊಂಡು, "ಎಲ್ಲಾ ಸರಿ ಐತೆ ಬುಡು ಯಜಮಾನ" ಎಂದ. ಅವನು ಪುಟ ತೆರೆದನೋ ಇಲ್ಲವೋ ದೇವರಿಗೇ ಗೊತ್ತು. ಖರೀದಿ ಕೇಂದ್ರದ ಸಾಲಿನಲ್ಲಿ ನಿಂತು ಸರದಿ ಬಂದಾಗ ತಿಳಿದದ್ದು: ತೋಟದ ಪಾಲು ಜಮೀನಿಗೆ ತೆಂಗು ಇಲ್ಲ, ರಾಗಿ ಎಂದು ಬರೆದಿದೆ. ಮೂವತ್ತು ವರ್ಷದ ಮರಗಳು ಕಾಯಿ ಹೊತ್ತು ನಿಂತಿವೆ, ಸರ್ಕಾರದ ಪುಟದಲ್ಲಿ ಅಲ್ಲಿ ರಾಗಿ ಹೊಲ! ತಿದ್ದುಪಡಿ ಆಗುವ ಹೊತ್ತಿಗೆ ನೋಂದಣಿ ಮುಗಿದಿತ್ತು.

ಎಂಟು ಕ್ವಿಂಟಲ್ ಕೊಬ್ಬರಿಯನ್ನು ವರ್ತಕನಿಗೆ 9,000ದಂತೆ ಕೊಟ್ಟ. ಕ್ವಿಂಟಲಿಗೆ 4,500 ರೂಪಾಯಿ ಹೋಯಿತು, ಒಟ್ಟು 36,000. ಅದೇ ಸಮಯಕ್ಕೆ ಸೊಸೈಟಿಯ ಬೆಳೆಸಾಲದ ಗಡುವು. ಗಡುವು ತಪ್ಪಿದರೆ ಬಡ್ಡಿಯಿಲ್ಲದ ಸಾಲಕ್ಕೆ ಬಡ್ಡಿ ಬೀಳುತ್ತದೆ. ಊರಿನಲ್ಲೇ ಒಬ್ಬರ ಹತ್ತಿರ ನೂರಕ್ಕೆ ಮೂರು ರೂಪಾಯಿ ತಿಂಗಳ ಬಡ್ಡಿಗೆ 30,000 ಎತ್ತಿ ಸೊಸೈಟಿಗೆ ಕಟ್ಟಿದ. ತಿಂಗಳಿಗೆ 900 ರೂಪಾಯಿ ಬಡ್ಡಿ. ಒಂದು ಸೊಟ್ಟ ಅಕ್ಷರದ ಚಿತ್ರಕ್ಕೆ ನಮ್ಮ ಮನೆ ತೆತ್ತ ಕಂದಾಯ ಇದು.

ಈಗ ಹೇಳಿ, ಇದು ಅಂಗವಿಕಲರ ಇಲಾಖೆಯ ವಿಷಯವೋ, ಬೆಲೆ ಮತ್ತು ಸಾಲದ ವಿಷಯವೋ? ನಮ್ಮ ಪತ್ರಿಕೆಯಲ್ಲಿ ಇದನ್ನು ಬರೆಯಬೇಕೋ ಬೇಡವೋ?

"ಕಣ್ಣಿಲ್ಲದವರು ಎಷ್ಟು ಜನ, ಕಾಲಿಲ್ಲದವರು ಎಷ್ಟು ಜನ, ನಮಗೇನು?" ಎಂದು ಕೆಲವರು ಕೇಳಬಹುದು. 2011ರ ಜನಗಣತಿ ನಮ್ಮ ರಾಜ್ಯದಲ್ಲಿ 13,24,205 ಅಂಗವಿಕಲರನ್ನು ಎಣಿಸಿತು. ದೇಶದಲ್ಲಿ 2 ಕೋಟಿ 68 ಲಕ್ಷ. ಅದರಲ್ಲಿ 1 ಕೋಟಿ 86 ಲಕ್ಷ ಜನ ಹಳ್ಳಿಯವರು. ಅಂದರೆ ನೂರಕ್ಕೆ ಅರವತ್ತೊಂಬತ್ತು ಜನ ನಮ್ಮವರು, ನಮ್ಮ ಓಣಿಯವರು. ಅವರಲ್ಲಿ ಎಷ್ಟೋ ಮಂದಿಗೆ ಈ ಸ್ಥಿತಿ ತಂದದ್ದು ನಮ್ಮ ಬೇಸಾಯವೇ. ಒಕ್ಕಣೆ ಮಿಶನ್ನಿಗೆ ಕೈ ಕೊಟ್ಟವನು, ಮೇವು ಕತ್ತರಿಸುವ ಮಿಶನ್ನಿನಲ್ಲಿ ಬೆರಳು ಬಿಟ್ಟವಳು, ತೆಂಗಿನ ಮರದಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ತಪ್ಪಿ ಮಲಗಿದವನು, ಇವರೆಲ್ಲ ಯಾರು? ನಮ್ಮ ಜಿಲ್ಲೆಯ ಪಾವಗಡದ ಕಡೆ ಹೋಗಿ, ಫ್ಲೋರೈಡ್ ನೀರು ಕುಡಿದು ಮೂಳೆ ಬಾಗಿದವರನ್ನು ನೋಡಿ. ಅವರು ಯಾರ ಪೈಕಿ?

ಇನ್ನು ನಿಮ್ಮ ಕೈಯನ್ನೇ ಒಂದು ಸಲ ನೋಡಿಕೊಳ್ಳಿ. ಗುದ್ದಲಿ ಹಿಡಿದು, ಕಾಯಿ ಸುಲಿದು, ಗೊಬ್ಬರ ಎರಚಿ ಬೆರಳಿನ ಗೆರೆಗಳು ಸವೆದಿಲ್ಲವೇ? ಹೆಬ್ಬೆಟ್ಟು ಒತ್ತುವ ಆ ಪುಟ್ಟ ಪೆಟ್ಟಿಗೆ ನಿಮ್ಮನ್ನು "ಹೊಂದಾಣಿಕೆ ಆಗುತ್ತಿಲ್ಲ" ಎಂದು ಎಷ್ಟು ಸಲ ತಳ್ಳಿಲ್ಲ? ಅರವತ್ತು ದಾಟಿದ ಮೇಲೆ ಕಣ್ಣಿಗೆ ಪೊರೆ ಬರುತ್ತದೆ, ಕಿವಿ ಮಂದವಾಗುತ್ತದೆ, ಕೈ ನಡುಗುತ್ತದೆ. ಕುರುಡನಿಗೆ ಮುಚ್ಚಿದ ಬಾಗಿಲು ನಾಳೆ ನಿಮಗೂ ಮುಚ್ಚುತ್ತದೆ.

ನಾನು ಕಂಪ್ಯೂಟರಿಗೆ ವಿರೋಧಿಯಲ್ಲ. ಶಾನುಭೋಗರ ಕಾಲವೇ ಚೆನ್ನಾಗಿತ್ತು ಎಂದು ಹಾಡಿ ಹೊಗಳುವವನೂ ಅಲ್ಲ. ವಂಶಪಾರಂಪರ್ಯದ ಶಾನುಭೋಗಿಕೆಯನ್ನು 1961ರ ಕಾನೂನು ತೆಗೆಯಿತು, ಗ್ರಾಮಲೆಕ್ಕಿಗರು ಬಂದರು. ಖಡತ ಮಾತ್ರ ಅವರ ಕಂಕುಳಲ್ಲೇ ಉಳಿಯಿತು. ಓದು ಬಾರದ ನಮ್ಮ ತಾತ "ಏನೈತೆ ಸ್ವಾಮಿ ನನ್ನ ಪಹಣೀಲಿ?" ಎಂದು ಕೈ ಮುಗಿದು ಕೇಳಬೇಕಿತ್ತು. ಅವರು ಓದಿದ್ದೇ ಸತ್ಯ. 2000ನೇ ಇಸವಿಯ ಆಸುಪಾಸಿನಲ್ಲಿ ಭೂಮಿ ಯೋಜನೆ ಬಂತು. ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು, ಕೈಬರಹದ ಪಹಣಿಗೆ ಬೆಲೆ ಇಲ್ಲದಂತಾಯಿತು. ಆಮೇಲೆ ಒಂದಾದ ಮೇಲೊಂದು. ಫ್ರೂಟ್ಸ್‌ನಲ್ಲಿ ರೈತನಿಗೊಂದು ನಂಬರು. ಬೆಳೆ ವಿಮೆಗೆ ಸಂರಕ್ಷಣೆ. ಕ್ರಯಪತ್ರಕ್ಕೆ ಕಾವೇರಿ. 2019ರಿಂದ ಪಿಎಂ ಕಿಸಾನ್, ವರ್ಷಕ್ಕೆ 6,000 ರೂಪಾಯಿ ಮೂರು ಕಂತಿನಲ್ಲಿ; ಅದಕ್ಕೆ ಇ-ಕೆವೈಸಿ ಆಗಿರಬೇಕು. 2020ರಿಂದ ಬೆಳೆ ಸಮೀಕ್ಷೆಯನ್ನು ರೈತನೇ ಮೊಬೈಲ್ ಹಿಡಿದು ಹೊಲದಲ್ಲಿ ನಿಂತು ಫೋಟೋ ತೆಗೆದು ಮಾಡಬಹುದು ಎಂದರು. ಆ ಸಮೀಕ್ಷೆಯಲ್ಲಿ ಏನು ಬರೆದಿದೆಯೋ ಅದರ ಮೇಲೆ ಬೆಂಬಲ ಬೆಲೆ, ವಿಮೆ, ಬೆಳೆ ನಷ್ಟದ ಪರಿಹಾರ ಎಲ್ಲಾ ನಿಂತಿದೆ.

ಇಲ್ಲೊಂದು ಮಾತನ್ನು ಗಮನವಿಟ್ಟು ಕೇಳಿ. ಕಣ್ಣಿಲ್ಲದವನಿಗೆ ಕಾಗದದ ಪಹಣಿ ಯಾವತ್ತೂ ಮೂಕ. ಇನ್ನೊಬ್ಬರು ಓದಿ ಹೇಳಲೇಬೇಕು. ಆದರೆ ಕಂಪ್ಯೂಟರಿನ ಅಕ್ಷರ ಮೂಕವಲ್ಲ. ಅದನ್ನು ಸರಿಯಾಗಿ ಬರೆದಿಟ್ಟರೆ ಮಿಶನ್ ತಾನೇ ಓದುತ್ತದೆ. ನಮ್ಮ ಮೊಬೈಲುಗಳಲ್ಲಿ ಈ ಓದುವ ಸೌಲಭ್ಯ ಪುಕ್ಕಟೆಯಾಗಿ ಬರುತ್ತದೆ, ಕನ್ನಡವನ್ನೂ ಓದುತ್ತದೆ. ಕಂಪ್ಯೂಟರಿಗೆ ಎನ್‌ವಿಡಿಎ ಎನ್ನುವ ತಂತ್ರಾಂಶವಿದೆ. ಆಸ್ಟ್ರೇಲಿಯಾದ ಇಬ್ಬರು ಅಂಧ ತರುಣರು 2006ರಲ್ಲಿ ಅದನ್ನು ಕಟ್ಟಲು ಶುರು ಮಾಡಿ ಲೋಕಕ್ಕೆಲ್ಲ ಪುಕ್ಕಟೆ ಕೊಟ್ಟರು. ನಮ್ಮ ತಾತ, ಮುತ್ತಾತನ ಕಾಲದಲ್ಲಿ ಆಗದೇ ಇದ್ದದ್ದು ಈಗ ಸಾಧ್ಯ. ಕಣ್ಣಿಲ್ಲದ ರೈತ ತನ್ನ ಪಹಣಿಯನ್ನು ಯಾರ ಹಂಗೂ ಇಲ್ಲದೆ ತಾನೇ ಓದಿಕೊಳ್ಳಬಹುದು. ಇಷ್ಟೆಲ್ಲ ಸಾಧ್ಯವಿದ್ದೂ ಬಾಗಿಲಿಗೆ ಅಗುಳಿ ಹಾಕಿ ಕೂತವರು ಯಾರು? ಬೆಂಗಳೂರಿನ ತಂಪು ಕೋಣೆಯಲ್ಲಿ ಕೂತು ಟೆಂಡರ್ ಬರೆದ ಅಧಿಕಾರಿಗಳು, ಅದನ್ನು ಹಿಡಿದ ಗುತ್ತಿಗೆದಾರರು.

ಅಗುಳಿ ಎಲ್ಲೆಲ್ಲಿ ಬೀಳುತ್ತದೆ, ಬಿಡಿಸಿ ಹೇಳುತ್ತೇನೆ.

ಮೊದಲನೆಯದು ಆ ಸೊಟ್ಟ ಅಕ್ಷರದ ಚಿತ್ರ. ಕ್ಯಾಪ್ಚಾ ಎನ್ನುತ್ತಾರೆ. ಬರುವವನು ಮನುಷ್ಯನೋ ಮಿಶನ್ನೋ ಎಂದು ಪರೀಕ್ಷೆ ಮಾಡಲು ಇಟ್ಟದ್ದಂತೆ. ಕಣ್ಣಿಲ್ಲದ ಮನುಷ್ಯ ಆ ಪರೀಕ್ಷೆಯಲ್ಲಿ ಮನುಷ್ಯನೇ ಅಲ್ಲ ಎಂದಾಯಿತಲ್ಲ! ಕಿವಿಯಿಂದ ಕೇಳಿ ಉತ್ತರ ಕೊಡುವ ದಾರಿ ಜೊತೆಗಿಟ್ಟರೆ ಕೆಲಸ ಮುಗಿಯಿತು.

ಎರಡನೆಯದು ಹೆಸರಿಲ್ಲದ ಗುಂಡಿಗಳು. ಓದುವ ತಂತ್ರಾಂಶ ಪುಟದ ಮೇಲೆ ಹೋದಾಗ "ಬಟನ್, ಬಟನ್, ಬಟನ್" ಎಂದಷ್ಟೇ ಹೇಳುತ್ತದೆ. ಯಾವ ಬಟನ್ ಅರ್ಜಿ ಹಾಕುತ್ತದೆ, ಯಾವುದು ಅಳಿಸುತ್ತದೆ ಗೊತ್ತಿಲ್ಲ. ಊರಿನ ಹೆಸರನ್ನೇ ಬರೆಯದ ಮೈಲಿಗಲ್ಲು ನೆಟ್ಟು ದಾರಿ ತೋರಿಸಿದೆವು ಎಂದಂತೆ. ಪ್ರತಿ ಗುಂಡಿಗೂ ಒಳಗೊಂದು ಹೆಸರು ಬರೆಯುವುದು ಕೆಲಸಗಾರನಿಗೆ ಕೆಲವು ನಿಮಿಷದ ಮಾತು.

ಮೂರನೆಯದು ಫೋಟೋ ಹೊಡೆದ ಆದೇಶಗಳು. ಕಾಗದಕ್ಕೆ ಸಹಿ ಮಾಡಿ, ಮೊಹರು ಒತ್ತಿ, ಅದರ ಫೋಟೋ ತೆಗೆದು ವೆಬ್‌ಸೈಟಿಗೆ ಏರಿಸುತ್ತಾರೆ. ಅದು ಅಕ್ಷರವಲ್ಲ, ಅಕ್ಷರದ ಚಿತ್ರ. ತಂತ್ರಾಂಶ ಅದರ ಮುಂದೆ ಮೂಗನಂತೆ ನಿಲ್ಲುತ್ತದೆ. ಇನ್ನು ಕೆಲವು ಕಡತಗಳು ಹಳೇ ಕಾಲದ ಕನ್ನಡ ಫಾಂಟಿನಲ್ಲಿರುತ್ತವೆ. ಕಣ್ಣಿಗೆ ಕನ್ನಡ, ಮಿಶನ್ನಿಗೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳು. ಓದಿಸಿದರೆ ಪಿಶಾಚಿ ಮಾತಾಡಿದಂತೆ ಕೇಳುತ್ತದೆ. ಯೂನಿಕೋಡಿನಲ್ಲಿ ಬರೆದರೆ ಈ ಕಾಟವೇ ಇಲ್ಲ. ಕನ್ನಡ ಕನ್ನಡ ಎಂದು ವೇದಿಕೆ ಮೇಲೆ ಎದೆ ತಟ್ಟಿಕೊಳ್ಳುವವರು ಮೊದಲು ಇದನ್ನು ಮಾಡಲಿ.

ನಾಲ್ಕನೆಯದು ಅವಸರ. ಓಟಿಪಿಗೆ ಕೆಲವೇ ನಿಮಿಷ. ಅರ್ಜಿ ಅರ್ಧ ತುಂಬುವಷ್ಟರಲ್ಲಿ "ಸಮಯ ಮುಗಿಯಿತು, ಮೊದಲಿನಿಂದ ಬನ್ನಿ". ಕೈ ನಡುಗುವವನು, ಒಂದೇ ಕೈಯವನು, ಕಿವಿಯಿಂದ ಓದುವವನು ನಿಧಾನವಾಗಿಯೇ ಬರೆಯುತ್ತಾನೆ. ಮೌಸ್ ಹಿಡಿಯಲಾರದವನು ಬರೀ ಕೀಲಿಮಣೆಯಿಂದಲೇ ಅರ್ಜಿ ಮುಗಿಸುವಂತಿರಬೇಕು.

ಐದನೆಯದು ಮುಖ. ಬೆರಳಾಗದಿದ್ದರೆ ಮುಖ ತೋರಿಸಿ, ಕಣ್ಣು ಮಿಟುಕಿಸಿ ಎನ್ನುತ್ತಾರೆ. ಕಣ್ಣುಗುಡ್ಡೆಯೇ ಇಲ್ಲದವನು ಏನು ಮಿಟುಕಿಸಬೇಕು? ಚೌಕಟ್ಟಿನೊಳಗೆ ಮುಖ ಬಂತೋ ಇಲ್ಲವೋ ಅವನಿಗೆ ಹೇಳುವವರಾರು?

ಇದಕ್ಕೆಲ್ಲ ಕಾನೂನಿಲ್ಲ ಎಂದುಕೊಂಡಿರಾ? ಬೇಕಾದಷ್ಟಿದೆ. ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಪ್ಪಂದಕ್ಕೆ ಭಾರತ 2007ರಲ್ಲಿ ಒಪ್ಪಿಗೆ ಕೊಟ್ಟಿತು. ಸರ್ಕಾರಿ ವೆಬ್‌ಸೈಟು ಹೇಗಿರಬೇಕೆಂಬ ಮಾರ್ಗಸೂಚಿ 2009ರಲ್ಲೇ ಹೊರಬಂತು. 2018ರಲ್ಲಿ, 2023ರಲ್ಲಿ ಮತ್ತೆ ತಿದ್ದಿ ಬರೆದರು. 2016ರಲ್ಲಿ ಪಾರ್ಲಿಮೆಂಟು ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆ ಮಾಡಿತು. ಅದರ 42ನೇ ಕಲಮು ಎಲೆಕ್ಟ್ರಾನಿಕ್ ಮಾಹಿತಿಯೆಲ್ಲ ಅಂಗವಿಕಲರಿಗೆ ಎಟಕುವಂತಿರಬೇಕು ಎನ್ನುತ್ತದೆ. 46ನೇ ಕಲಮು ನಿಯಮ ಹೊರಟ ಎರಡು ವರ್ಷದೊಳಗೆ ಸೇವೆಗಳು ಹಾಗಾಗಬೇಕು ಎನ್ನುತ್ತದೆ. ನಿಯಮ ಹೊರಟದ್ದು 2017ರ ಜೂನ್‌ನಲ್ಲಿ. ಗಡುವು ಮುಗಿದದ್ದು 2019ರಲ್ಲಿ. ಸೊಸೈಟಿ ಸಾಲದ ಗಡುವು ಒಂದು ದಿನ ತಪ್ಪಿದರೆ ನಮಗೆ ಬಡ್ಡಿ. ಸರ್ಕಾರ ವರ್ಷಗಟ್ಟಲೆ ತಪ್ಪಿದರೆ ಬಡ್ಡಿ ಹಾಕುವವರು ಯಾರು? 89ನೇ ಕಲಮಿನಲ್ಲಿ ದಂಡವಿದೆ: ಮೊದಲ ತಪ್ಪಿಗೆ 10,000 ರೂಪಾಯಿವರೆಗೆ, ಮತ್ತೆ ತಪ್ಪಿದರೆ 50,000ದಿಂದ 5 ಲಕ್ಷದವರೆಗೆ. ಆ ದಂಡ ಕೇಳುವ ಬಾಯಿ ನಮ್ಮಲ್ಲಿ ಇರಲಿಲ್ಲ, ಅಷ್ಟೆ.

ಸುಪ್ರೀಂ ಕೋರ್ಟು ಎರಡು ಸಲ ಬಾಯಿಬಿಟ್ಟು ಹೇಳಿದೆ. 2024ರ ನವೆಂಬರ್ 8ರಂದು ರಾಜೀವ್ ರತೂರಿ ಮೊಕದ್ದಮೆಯಲ್ಲಿ, ಕಾಯಿದೆ "ಮಾಡಲೇಬೇಕು" ಎಂದಿದ್ದನ್ನು ನಿಯಮದಲ್ಲಿ "ಮಾಡಿದರೆ ಒಳ್ಳೆಯದು" ಎಂಬಂತೆ ಸಡಿಲ ಮಾಡಿದ್ದು ಸಲ್ಲದೆಂದು 15ನೇ ನಿಯಮದ ಮುಖ್ಯ ಭಾಗವನ್ನೇ ಹೊಡೆದುಹಾಕಿತು. ಕಡ್ಡಾಯದ ನಿಯಮ ಬರೆಯಲು ಕೇಂದ್ರಕ್ಕೆ ಮೂರು ತಿಂಗಳ ಗಡುವು ಕೊಟ್ಟಿತು. 2025ರ ಏಪ್ರಿಲ್ 30ರಂದು ಪ್ರಜ್ಞಾ ಪ್ರಸೂನ್ ಮತ್ತು ಅಮರ್ ಜೈನ್ ಮೊಕದ್ದಮೆಗಳಲ್ಲಿ ಇನ್ನೊಂದು ತೀರ್ಪು. ಆಸಿಡ್ ದಾಳಿಗೆ ತುತ್ತಾಗಿ ಕಣ್ಣು ಮಿಟುಕಿಸಲಾಗದವರು, ಪೂರ್ತಿ ದೃಷ್ಟಿ ಇಲ್ಲದ ಒಬ್ಬ ವಕೀಲರು ಕೋರ್ಟಿನ ಮೆಟ್ಟಿಲೇರಿದ್ದರು. ಡಿಜಿಟಲ್ ಸೇವೆ ಎಟಕುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದು ಕೋರ್ಟು ಹೇಳಿ, ಕೆವೈಸಿ ಸರಿಪಡಿಸಲು 20 ನಿರ್ದೇಶನ ಕೊಟ್ಟಿತು. ಬದುಕುವ ಹಕ್ಕು, ಬಾಂಧವರೇ! ಯಾರೋ ಕರುಣೆಯಿಂದ ಕೊಡುವ ತಳ್ಳುಗಾಡಿಯ ಮಾತಲ್ಲ ಇದು.

ಹೊರದೇಶದವರು ಏನು ಮಾಡಿದ್ದಾರೆ? ಅಮೆರಿಕ 1998ರಲ್ಲೇ ತನ್ನ ಕೇಂದ್ರ ಸರ್ಕಾರದ ಕಂಪ್ಯೂಟರ್ ವ್ಯವಸ್ಥೆ ಅಂಗವಿಕಲರಿಗೂ ತೆರೆದಿರಲೇಬೇಕೆಂದು ಕಾನೂನು ಬಿಗಿಮಾಡಿತು. ಯುರೋಪಿನ ಒಕ್ಕೂಟ 2016ರಲ್ಲಿ ಸರ್ಕಾರಿ ವೆಬ್‌ಸೈಟುಗಳಿಗೆ ಅದೇ ಕಟ್ಟು ಹಾಕಿತು. ಆ ದೇಶಗಳ ವೆಬ್‌ಸೈಟು ಕಟ್ಟಿಕೊಡುವ ಕೆಲಸವನ್ನು ನಮ್ಮ ಬೆಂಗಳೂರಿನ ಎಂಜಿನಿಯರುಗಳೂ ಮಾಡುತ್ತಾರೆ. ಅಂದ ಮೇಲೆ ವಿದ್ಯೆ ನಮ್ಮ ಊರಿನಲ್ಲೇ ಇದೆ. ಇಲ್ಲದ್ದು ಮನಸ್ಸು.

ಹೆಸರಿಡುವುದರಲ್ಲಿ ಮಾತ್ರ ಇವರು ಧಾರಾಳ. ಒಂದು ಕಾಲಕ್ಕೆ ಅಂಗವಿಕಲರು ಎಂದರು, ಆಮೇಲೆ ವಿಕಲಚೇತನರು ಎಂದರು. 2015ರ ಕೊನೆಗೆ ದೆಹಲಿಯಿಂದ ದಿವ್ಯಾಂಗರು ಎಂಬ ಹೆಸರು ಬಂತು. ದಿವ್ಯ ಅಂಗವಂತೆ! ದಿವ್ಯಾಂಗ ಎಂದು ಕರೆಸಿಕೊಂಡವನಿಗೆ ತನ್ನ ಪಹಣಿ ತಾನು ಓದಲು ಬರಲಿಲ್ಲವಾದರೆ ಆ ಹೆಸರನ್ನು ಅಟ್ಟದ ಮೇಲಿಡಬೇಕೇ? ಅಂಗವೈಕಲ್ಯದ ಸರ್ಟಿಫಿಕೇಟನ್ನು 2021ರ ಜೂನ್ 1ರಿಂದ ಆನ್‌ಲೈನಿನಲ್ಲೇ ಮಾಡಿಸಬೇಕು. ಕಣ್ಣಿಲ್ಲ ಎಂಬುದನ್ನು ಸರ್ಕಾರಕ್ಕೆ ತಿಳಿಸಲೂ ಕಣ್ಣಿರುವ ಒಬ್ಬನನ್ನು ಹುಡುಕಿಕೊಂಡು ಹೋಗುವ ಗತಿ ಯಾರಿಗೂ ಬರಬಾರದು.

ಇನ್ನು ಅಧಿಕಾರಿಗಳ ವಾದ ಕೇಳಿ. "ಗ್ರಾಮ ಒನ್ ಕೇಂದ್ರಕ್ಕೆ ಹೋಗಲಿ, ಮನೆಯಲ್ಲಿ ಮಗ ಇರುತ್ತಾನಲ್ಲ, ಅವನು ಮಾಡಿಕೊಡಲಿ" ಎನ್ನುತ್ತಾರೆ. ಕೇಂದ್ರ ಇರಲಿ, ಬೇಡವೆನ್ನುವುದಿಲ್ಲ. ಆದರೆ ಕಣ್ಣಿರುವ ರೈತ ಮನೆಯಲ್ಲಿ ಕೂತು ಪುಕ್ಕಟೆ ನೋಡುವುದನ್ನು ಕಣ್ಣಿಲ್ಲದವನು ಬಸ್ ಛಾರ್ಜು ಕೊಟ್ಟು, ಜೊತೆಗೊಬ್ಬನ ಕೂಲಿ ಕಳೆದು, ಅಂಗಡಿಯವನಿಗೂ ಕೊಟ್ಟು ನೋಡಬೇಕೇ? ಅದಿರಲಿ, ಓಟಿಪಿ ಎಂದರೇನು? ನಿಮ್ಮ ಬೀರುವಿನ ಬೀಗದ ಕೈ. ಅದನ್ನು ದಿನಾ ಒಬ್ಬೊಬ್ಬನ ಕೈಗೆ ಕೊಟ್ಟು ಬದುಕು ಎನ್ನುತ್ತೀರಲ್ಲ, ನಿಮ್ಮ ಬೀಗದ ಕೈ ಕೊಡುತ್ತೀರಾ ಸ್ವಾಮಿ? ಎಲ್ಲಿ ಬಾಗಿಲು ಮುಚ್ಚಿರುತ್ತದೋ ಅಲ್ಲಿ ದಲ್ಲಾಳಿ ಹುಟ್ಟುತ್ತಾನೆ. ಮಂಡಿಯ ದಲ್ಲಾಳಿಯನ್ನು ಎದುರಿಸಲು ನಾವು ಚಳವಳಿ ಕಟ್ಟಿದೆವು. ಈಗ ಪಹಣಿ ತೋರಿಸಲೂ ದಲ್ಲಾಳಿ.

"ಖರ್ಚು ಜಾಸ್ತಿ" ಎನ್ನುವುದು ಇನ್ನೊಂದು ವಾದ. ಬಾವಿ ತೋಡುವಾಗಲೇ ಮೆಟ್ಟಿಲು ಬಿಟ್ಟು ತೋಡಿದರೆ ಎಷ್ಟು ಖರ್ಚು, ಕಲ್ಲು ಕಟ್ಟಿ ಮುಗಿದ ಮೇಲೆ ಒಡೆದು ಮೆಟ್ಟಿಲು ಮಾಡಿದರೆ ಎಷ್ಟು? 2009ರಲ್ಲೇ ಮೆಟ್ಟಿಲು ಬಿಡಿ ಎಂದು ಮಾರ್ಗಸೂಚಿ ಬಂದಿತ್ತು. ಬಿಡದೆ ತೋಡಿಸಿದ ತಪ್ಪಿಗೆ ನಾವು ದಂಡ ಕಟ್ಟಬೇಕೆ?

"ಸಕಾಲ ಇದೆಯಲ್ಲ, ಗಡುವಿನೊಳಗೆ ಸೇವೆ ಸಿಗುತ್ತದೆ" ಎಂದೂ ಹೇಳುತ್ತಾರೆ. 2011ರ ಸಕಾಲ ಕಾನೂನು ಒಳ್ಳೆಯದೇ. ಆದರೆ ಅದರ ಗಡಿಯಾರ ಓಡಲು ಶುರುವಾಗುವುದು ಅರ್ಜಿ ಸೇರಿದ ಮೇಲೆ. ಅರ್ಜಿಯೇ ಹಾಕಲಾಗದವನಿಗೆ ಆ ಗಡಿಯಾರ ನಿಂತೇ ಇರುತ್ತದೆ.

ಸರ್ಕಾರಕ್ಕೆ ಬೈದಾಯಿತು. ಈಗ ನಮ್ಮ ಕಡೆಗೂ ಒಂದಿಷ್ಟು ತಿರುಗಿಕೊಳ್ಳೋಣ. ಮನೆಯಲ್ಲಿ ಪಾಲಾಗುವ ದಿನ ಕಣ್ಣಿಲ್ಲದ ತಮ್ಮನಿಗೆ, ಕಾಲಿಲ್ಲದ ಅಕ್ಕನಿಗೆ ನಾವೇನು ಹೇಳುತ್ತೇವೆ? "ನಿನಗ್ಯಾಕೆ ಜಮೀನು, ನಾವಿಲ್ವಾ, ಸಾಕ್ತೀವಿ ಬುಡು." ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತೇವೆ. ಯಾವ ಕಾಗದಕ್ಕೆ ಒತ್ತಿದೆ ಎಂದು ಅವನಿಗೆ ಗೊತ್ತಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 28ನೇ ಕಲಮು ರೋಗ, ಊನ, ಅಂಗದೋಷದ ಕಾರಣಕ್ಕೆ ಯಾರ ಪಾಲೂ ತಪ್ಪಬಾರದು ಎನ್ನುತ್ತದೆ. ಎಷ್ಟು ಮನೆಯಲ್ಲಿ ಅದು ನಡೆದಿದೆ? ಪಹಣಿಯ ಒಂಬತ್ತನೇ ಕಾಲಮಿನಲ್ಲಿ ತನ್ನ ಹೆಸರು ಇದೆಯೋ, ಹೋಯಿತೋ, ಹನ್ನೊಂದನೇ ಕಾಲಮಿನಲ್ಲಿ ತನಗೆ ಗೊತ್ತಿಲ್ಲದ ಸಾಲ ಏರಿದೆಯೋ ಎಂದು ಆ ತಮ್ಮ ತಾನೇ ಕೇಳಿ ತಿಳಿಯುವಂತಾದರೆ ಅಂಥ ಅನ್ಯಾಯ ಮಾಡುವವನ ಕೈ ನಡುಗುತ್ತದೆ. ಖಾತೆ ಬದಲಾವಣೆಗೆ ತಕರಾರು ಹಾಕಲು ಇರುವ ದಿನಗಳು ಕೆಲವೇ. ಓದಲಾರದವನಿಗೆ ಆ ದಿನಗಳು ಬಂದದ್ದೂ ಗೊತ್ತಿಲ್ಲ, ಹೋದದ್ದೂ ಗೊತ್ತಿಲ್ಲ. ಜಮೀನು ಇರುವುದಕ್ಕೂ ಇಲ್ಲದಿರುವುದಕ್ಕೂ ನಡುವೆ ಇರುವುದು ಈ ಓದು. ಅದಕ್ಕೇ ನಾನು ಇದನ್ನು ಭೂಮಿಯ ಹಕ್ಕು ಎಂದು ಕರೆಯುತ್ತೇನೆ.

ಸಿದ್ಧಗಂಗೆಯ ದಾಸೋಹದಲ್ಲಿ ನೀವು ಎಂದಾದರೂ ಕೂತಿದ್ದೀರಲ್ಲ. ಸಾಲಿನಲ್ಲಿ ಕೂತವನಿಗೆ ಕಣ್ಣಿದೆಯೇ, ಕಾಲಿದೆಯೇ, ಅಕ್ಷರ ಬರುತ್ತದೆಯೇ ಎಂದು ಕೇಳಿ ಬಡಿಸುವುದನ್ನು ಯಾರಾದರೂ ಕಂಡಿದ್ದೀರಾ? ಮಠದ ಪಂಕ್ತಿಯಲ್ಲಿ ಇಲ್ಲದ ಭೇದ ನಮ್ಮ ತೆರಿಗೆಯಲ್ಲಿ ನಡೆಯುವ ಸರ್ಕಾರದ ಪಂಕ್ತಿಯಲ್ಲಿ ಏಕೆ?

ಆದ್ದರಿಂದ ನಮ್ಮ ಹಕ್ಕೊತ್ತಾಯಗಳು ಇವು:

1. ಜಮೀನು, ಬೆಳೆ, ಬೆಂಬಲ ಬೆಲೆ, ವಿಮೆ, ಪರಿಹಾರ, ಸಾಲ ಇವಕ್ಕೆ ಸಂಬಂಧಪಟ್ಟ ಪ್ರತಿ ಸರ್ಕಾರಿ ಪುಟವೂ ಕನ್ನಡದಲ್ಲಿ ಕಿವಿಯಿಂದ ಓದುವಂತಿರಬೇಕು. ಆದೇಶಗಳು ಫೋಟೋ ಆಗಿರದೆ ಯೂನಿಕೋಡ್ ಅಕ್ಷರದಲ್ಲಿರಬೇಕು.

2. ಸೊಟ್ಟ ಅಕ್ಷರದ ಚಿತ್ರದ ಪಕ್ಕದಲ್ಲಿ ಕೇಳಿ ಉತ್ತರಿಸುವ ದಾರಿ ಇರಲೇಬೇಕು. ಸಮಯ ಸಾಲದವನಿಗೆ ಸಮಯ ಕೊಡಬೇಕು.

3. ಬೆರಳಾಗದ, ಮುಖವಾಗದ ಯಾವ ರೈತನನ್ನೂ ವಾಪಸು ಕಳಿಸಕೂಡದು. ಬೇರೆ ದಾರಿಯಲ್ಲಿ ಗುರುತು ಹಿಡಿದು ಅವತ್ತೇ ಕೆಲಸ ಮಾಡಿಕೊಡಬೇಕು.

4. ವೆಬ್‌ಸೈಟು ಕಟ್ಟಿದ ಗುತ್ತಿಗೆದಾರನ ಬಿಲ್ಲು ಪಾಸಾಗುವ ಮೊದಲು ಕಣ್ಣಿಲ್ಲದ, ಕೈಯಿಲ್ಲದ, ಕಿವಿ ಕೇಳದ ಜನರೇ ಕೂತು ಅದನ್ನು ಪರೀಕ್ಷೆ ಮಾಡಬೇಕು. ಅವರಲ್ಲಿ ರೈತರೂ ಇರಬೇಕು. ಅವರು ಸರಿ ಎಂದ ಮೇಲೆ ದುಡ್ಡು.

5. ಪುಟ ಸರಿಯಾಗುವವರೆಗೆ ನಾಡಕಚೇರಿ, ರೈತ ಸಂಪರ್ಕ ಕೇಂದ್ರಗಳಲ್ಲಿ ಬಾಯಿಮಾತಿನ, ಕಾಗದದ ಅರ್ಜಿ ತೆಗೆದುಕೊಳ್ಳಬೇಕು. ವೆಬ್‌ಸೈಟಿನ ದೋಷದಿಂದ ನೋಂದಣಿ ತಪ್ಪಿದವನಿಗೆ ಬೆಂಬಲ ಬೆಲೆಯ ವ್ಯತ್ಯಾಸವನ್ನು ಸರ್ಕಾರ ತುಂಬಿಕೊಡಬೇಕು.

6. ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರಿಗೆ ಗೌರವಧನದ ಚಿಲ್ಲರೆ ಬದಲು ತಕ್ಕ ಸಂಬಳ ಕೊಟ್ಟು, ಪಹಣಿ ಓದಿ ಹೇಳುವ, ಅರ್ಜಿ ತುಂಬುವ ಕೆಲಸವನ್ನು ಪುಕ್ಕಟೆ ಮಾಡಿಸಬೇಕು.

ಹಕ್ಕೊತ್ತಾಯ ಬರೆದು ಸುಮ್ಮನೆ ಕೂತರೆ ಆಗದು. ಈ ತಿಂಗಳು ನೀವು ಮಾಡಬೇಕಾದ ಕೆಲಸ ಮೂರು. ಮೊದಲನೆಯದು, ನಿಮ್ಮ ಊರಿನಲ್ಲಿ ದೃಷ್ಟಿ ಇಲ್ಲದ, ಕೈಕಾಲು ಸ್ವಾಧೀನವಿಲ್ಲದ ರೈತರ ಮನೆಗೆ ಹೋಗಿ, ಅವರ ಪಹಣಿ, ಬೆಳೆ ಸಮೀಕ್ಷೆ, ವಿಮೆಯ ನಮೂದನ್ನು ಅವರ ಮುಂದೆಯೇ ಗಟ್ಟಿಯಾಗಿ ಓದಿ. ತಪ್ಪಿದ್ದರೆ ಕೊಬ್ಬರಿ, ರಾಗಿ ಖರೀದಿ ಶುರುವಾಗುವ ಮೊದಲೇ ತಿದ್ದುಪಡಿ ಅರ್ಜಿ ಹಾಕಿಸಿ. ಎರಡನೆಯದು, ಗ್ರಾಮಸಭೆಯಲ್ಲಿ ಈ ಹಕ್ಕೊತ್ತಾಯವನ್ನು ಠರಾವು ಮಾಡಿಸಿ. ಬಂದ ಅಧಿಕಾರಿಯ ಕಣ್ಣಿಗೆ ಟವಲು ಕಟ್ಟಿ, ಕೈಗೆ ಮೊಬೈಲ್ ಕೊಟ್ಟು, "ಸ್ವಾಮಿ, ನಿಮ್ಮ ಇಲಾಖೆಯ ಪುಟದಲ್ಲಿ ಒಂದು ಅರ್ಜಿ ಹಾಕಿ ತೋರಿಸಿ" ಎಂದು ಮರ್ಯಾದೆಯಿಂದಲೇ ಕೇಳಿ. ಮೂರನೆಯದು, ಆಗದ ಪುಟದ ಹೆಸರು, ದಿನಾಂಕ, ಏನಾಯಿತು ಎಂಬುದನ್ನು ಬರೆದು ಬೆಂಗಳೂರಿನಲ್ಲಿರುವ ಅಂಗವಿಕಲರ ರಾಜ್ಯ ಆಯುಕ್ತರಿಗೆ ದೂರು ಕಳಿಸಿ. ಮಾಹಿತಿ ಹಕ್ಕಿನಲ್ಲಿ ಆ ಇಲಾಖೆಯನ್ನು ಕೇಳಿ: ನಿಮ್ಮ ವೆಬ್‌ಸೈಟನ್ನು ಅಂಗವಿಕಲರಿಗೆ ಎಟಕುವಂತಿದೆಯೇ ಎಂದು ಪರೀಕ್ಷೆ ಮಾಡಿಸಿದ ವರದಿ ಎಲ್ಲಿದೆ, ಪ್ರತಿ ಕೊಡಿ.

1980ರಲ್ಲಿ ನರಗುಂದ, ನವಲಗುಂದದಲ್ಲಿ ರೈತರ ಮೇಲೆ ಗುಂಡು ಹಾರಿದ ಮೇಲೆ ಕಟ್ಟಿದ ಚಳವಳಿ ನಮ್ಮದು. ಆ ದಶಕದಲ್ಲಿ ನಮ್ಮ ಹಿರಿಯರು ಊರ ಬಾಗಿಲಲ್ಲಿ ಬೋರ್ಡು ನೆಟ್ಟು, ರೈತರ ಅಪ್ಪಣೆ ಇಲ್ಲದೆ ಅಧಿಕಾರಿಗಳು ಒಳಗೆ ಬರಕೂಡದು ಎಂದು ಬರೆಸಿದರು. ಈಗ ಅಧಿಕಾರಿಗಳು ಊರಿಗೆ ಬರುವುದೇ ಬೇಕಿಲ್ಲ. ತಮ್ಮ ಬಾಗಿಲಿಗೆ ತಾವೇ ಬೋರ್ಡು ನೆಟ್ಟಿದ್ದಾರೆ, ಕಣ್ಣಿದ್ದವರು ಮಾತ್ರ ಓದುವಂಥ ಬೋರ್ಡು. ಅದನ್ನು ಕೀಳಿಸುವ ಕೆಲಸ ನಮ್ಮದು.

ಅಣ್ಣ ಈ ಸಲದ ಜಾತ್ರೆಗೂ ಬರುತ್ತಾನೆ. ಟವಲಿನ ಕೆಳಗೆ ಅವನ ಕೈ ಹಿಡಿದವನು ಸರಿಯಾದ ಬೆಲೆ ಹೇಳಲೇಬೇಕು. ಸರ್ಕಾರವೂ ಅವನಿಗೆ ಅಷ್ಟು ಮರ್ಯಾದೆ ಕೊಡಲಿ. ಅದಕ್ಕಿಂತ ಹೆಚ್ಚೇನೂ ಅವನು ಕೇಳುತ್ತಿಲ್ಲ.

— ಕ್ಯಾತ್ಸಂದ್ರದ ಒಬ್ಬ ತೆಂಗು ಬೆಳೆಗಾರ